ನನ್ನ ಕತೆಗೆ ದೇವ್ರು ಹೂಂ ಅಂದಿದ್ದು

ಅಲ್ಲ, ನೀವು ಹಿಂಗೆ ಬೊಂಬೆ ತರ ಸುಮ್ನೆ ಕೂತ್ರೆ ನಂಗೆ ಕತೆ ಬರಾಕಿಲ್ಲ ಕಣ್ರೋ. ಹೂಂಗುಟ್ಬೇಕು. ಒಂದೊಂದು ಮಾತಿಗೂ ಹೂಂ, ಹೂಂ ಅಂತಿರ್ಬೇಕು. ನಮ್ಮವ್ವ ಹಂಗೇ, ನಾವು ಹೂಂ ಅನ್ನೋದು ನಿಲ್ಸಿದ್ರೆ ಅರ್ಧಕ್ಕೇ ಕತೆ ಬುಟ್ಟು ಎದ್ದೋಗೋಳು. ಈ ಹೂಂ ಇಂದ ನಾನು ಮಾನ ಕಳ್ಕೊಂಡಿದ್ದು ಹೇಳ್ತೀನಿ ಕೇಳಿ. ನಗ್ಬೇಡಿ. ನಕ್ರೂ ನಗಿ, ಎಸ್ಟೇಟಿನ ಇಡೀ ಕೂಲಿ ಲೈನೇ ನಕ್ಕೈತೆ, ನಿಮ್ದೇನು ದೊಡ್ಡದು.

ಕಾಫಿ ರೇಟು ಬಿದ್ದೋಗಿತ್ತಲ್ಲ, ಆ ಕಾಲ. ನಿಮ್ಮಪ್ಪ ಆಗ ಆಲೂರಲ್ಲಿ ಹಾಸ್ಟೆಲಲ್ಲಿದ್ದ, ಒಂಬತ್ನೇ ಕ್ಲಾಸು, ಅಲ್ಲ ಅಲ್ಲ, ಹತ್ನೇ ಕ್ಲಾಸು. ನಿಮ್ಮ ತಾತ ಹೋಗಿ ಒಂದು ವರ್ಷ ಆಗಿತ್ತು. ನಾನು ಬೆಳಗೋಡು ಹತ್ರ ಒಂದು ಎಸ್ಟೇಟಲ್ಲಿ ನರ್ಸರಿ ಕೆಲ್ಸಕ್ಕೆ ಹೋಗ್ತಿದ್ದೆ. ನರ್ಸರಿ ಅಂದ್ರೆ ನಿಮ್ಮ ಎಬಿಸಿಡಿ ನರ್ಸರಿ ಅಲ್ಲ, ಕಾಫಿ ಸಸಿ ಬೆಳ್ಸೋ ಜಾಗ. ಹತ್ತು ಹನ್ನೆರಡು ಜನ ಹೆಂಗಸ್ರು ಚಪ್ಪರದಡಿ ಕೂತು ಪ್ಲಾಸ್ಟಿಕ್ ಕೊಟ್ಟೆಗೆ ಮಣ್ಣು ತುಂಬೋದು, ನಾನು ಕತೆ ಹೇಳೋದು, ಅವ್ರು ಹೂಂ ಅನ್ನೋದು. ಹಲಸಿನಣ್ಣಲ್ಲಿ ಹುಟ್ಟಿದ ಸೊಸೆ ಕತೆ ಅಂತ ಒಂದಿತ್ತು. ನಮ್ಮವ್ವ ಹೇಳಿದ್ದು ಒಂದು ಗೇಣು, ನಾನು ಎಳೆದಿದ್ದು ಒಂದು ಮೈಲಿ. ಒಂದಿನ ಎಸ್ಟೇಟಿನ ಲೆಕ್ಕ ಬರೆಯೋ ರೈಟ್ರು ಬಂದ್ರು. ಪಾಪ ಒಳ್ಳೆ ಮನುಷ್ಯ, ಮುಖ ಮಾತ್ರ ಯಾವಾಗ್ಲೂ ಹಾಗಲಕಾಯಿ ತಿಂದಂಗೆ. "ಇನ್ಮೇಲೆ ನೀರು ಹಾಕಾಕೆ ಒಬ್ರು ಸಾಕು ಅಂದವ್ರೆ ಸಾವ್ಕಾರ್ರು. ಪುಟ್ಟಮ್ಮ, ನೀನಿರು. ಉಳಿದೋರು ಬ್ಯಾರೆ ಕಡೆ ನೋಡ್ಕಳಿ," ಅಂದ್ರು. ನಾನೇ ಚೆನ್ನಾಗಿ ಕೆಲ್ಸ ಮಾಡ್ತೀನಿ ಅಂತ ಬೀಗ್ಬುಟ್ಟೆ. ಆಮೇಲೆ ಗೊತ್ತಾಯ್ತು, ನರ್ಸರಿಗೆ ಹತ್ರದ ಮನೆ ನಂದೇ ಅಂತ ಇಟ್ಕೊಂಡಿದ್ದು.

ಮಾತಾಡೋರೇ ಇಲ್ಲ. ಬೆಳಗ್ಗೆ ಮುಚ್ಚಿದ ಬಾಯಿ ಸಂಜೆವರೆಗೂ ಮುಚ್ಕಂಡೇ ಇರೋದು, ಮನೆಗೆ ಬಂದ್ರೂ ಯಾರವ್ರೆ? ಒಂದಿನ ಬೆಕ್ಕು ಕರಿಯೋಕೆ ಹೋದ್ರೆ ದನಿನೇ ಹೊರಡ್ಲಿಲ್ಲ. ಹೆದ್ರಿಕೆ ಆಗೋಯ್ತು ಕಣ್ರೋ. ಹಿಂಗೇ ಇದ್ರೆ ಮೂಗಿ ಆಗ್ತೀನಿ, ಇಲ್ಲ ಹುಚ್ಚಿ ಆಗ್ತೀನಿ ಅಂತ. ಮಾರ್ನೆ ದಿನ ಸಸಿಗಳಿಗೇ ಹೇಳೋಕೆ ಶುರು ಮಾಡ್ದೆ. "ಕೇಳ್ರವ್ವ, ಹಲಸಿನಣ್ಣು ಸೀಳಿದ್ರೆ ಒಳಗೊಂದು ಹೆಣ್ಮಗು..." ಅಂದೆ. ಅಷ್ಟರಲ್ಲಿ ಮೇಲಿಂದ, "ಹೂಂ."

ಮೈ ಜುಂ ಅಂತು. ಇನ್ನೊಂದು ಮಾತು ಹೇಳ್ದೆ. ತಡೆದು, "ಹೂಂ." ನಂಗೆ ಕಣ್ಣಲ್ಲಿ ನೀರು ಬಂದ್ಬುಡ್ತು. ಶಿವ್ನೇ, ಗಂಡನ್ನ ಕಿತ್ಕೊಂಡೆ, ಜೊತೆಗಾತೀರ್ನ ಕಿತ್ಕೊಂಡೆ, ಕೊನೆಗೆ ನನ್ನ ಕತೆಗೆ ನೀನೇ ಹೂಂಗುಟ್ಟೋಕೆ ಬಂದ್ಯಾ ಅಂತ. ಅಲ್ಲಿಂದ ನನ್ನ ವೇಷ ನೋಡ್ಬೇಕಿತ್ತು. ಹಣೆ ತುಂಬ ವಿಭೂತಿ, ಸೋಮವಾರ ಉಪವಾಸ. ಕತೆನೂ ಹಂಗೇ ಬರ್ತಿತ್ತು, ನಾನು ಕೇಳೇ ಇಲ್ಲದ ಮಾತು ನನ್ನ ಬಾಯಲ್ಲೇ ಬರೋದು. ಆಕಾಶ, ಮರ, ಸಸಿ, ನಾನು ಎಲ್ಲ ಒಂದೇ ಚಾಪೆ ಮೇಲೆ ಕೂತಂಗೆ ಇರೋದು. ಇದು ಸುಳ್ಳಲ್ಲ, ಇವತ್ತೂ ಹೇಳ್ತೀನಿ. ಆದ್ರೆ ಕೈಲಿ ನೀರಿನ ಕ್ಯಾನು ಇತ್ತಲ್ಲ, ಅದು ಮರ್ತೋಗಿತ್ತು. ಸೊಸೆ ಕಾಡಿಗೆ ಹೋದ್ಲು ಅಂತ ಒಂದ್ಸಲ, ಅತ್ತೆ ಹುಡುಕ್ಕೊಂಡು ಹೋದ್ಲು ಅಂತ ಇನ್ನೊಂದ್ಸಲ, ಅದೇ ಪಾತಿಗೆ ನೀರು ಹುಯ್ದೂ ಹುಯ್ದೂ ಸಸಿ ಬೇರೆಲ್ಲ ಕೊಳ್ತೋಯ್ತು.

ರೈಟ್ರು ಒಂದು ಸಸಿ ಕಿತ್ತು ನನ್ನ ಮುಖದ ಮುಂದೆ ಹಿಡಿದ್ರು. "ಏನಮ್ಮ ಇದು? ಗದ್ದೆ ನಾಟಿ ಮಾಡ್ತಿದ್ದೀಯಾ?" ನಾನು ಸುಮ್ನಿರ್ಬೇಕೋ ಬ್ಯಾಡ್ವೋ. "ದೇವ್ರು ಹೂಂ ಅಂತಾನೆ ರೈಟ್ರೇ, ನಿಲ್ಸೋದು ಹೆಂಗೆ," ಅಂದೆ. "ಎಲ್ಲಿ, ಅನ್ಸು ನೋಡಣ," ಅಂದ್ರು. ಸೆರಗು ಸರಿ ಮಾಡ್ಕಂಡು, ಸೊಸೆ ಕಾಡಿಗೆ ಹೋದ ಕಡೆಯಿಂದ ಕತೆ ಎತ್ತಿದೆ. ಹೂಂ ಬಂತು. ರೈಟ್ರು ಮೆಲ್ಲಗೆ ಹಿಂದಿನ ಬಿದಿರು ಮೆಳೆ ಹತ್ರ ಹೋಗಿ ಕೊಂಬೆ ಅಲ್ಲಾಡ್ಸಿದ್ರು. ಬುರ್ ಅಂತ ಒಂದು ಕೆಂಬೂತ ಹಾರೋಯ್ತು.

ಹೂಂ, ಹೂಂ ಅಂತ ಕೂಗೋದು ಹುಟ್ಟಿದಾಗಿಂದ ಕೇಳಿರೋ ಹಕ್ಕಿ ಕಣ್ರೋ. ಆದ್ರೂ ಆಸೆ ಬಿದ್ದ ಕಿವಿಗೆ ಏನು ಬೇಕೋ ಅದೇ ಕೇಳ್ಸೋದು. "ಭೂತದ ಬಾಯಲ್ಲಿ ಭಗವದ್ಗೀತೆ ಅಂತ ಕೇಳಿದ್ದೆ, ಕೆಂಬೂತದ ಬಾಯಲ್ಲಿ ದೇವ್ರು ಇವತ್ತೇ ನೋಡಿದ್ದು," ಅಂದ್ರು ರೈಟ್ರು. ಸಂಜೆಯೊಳ್ಗೆ ಲೈನಿಗೆಲ್ಲ ಗೊತ್ತಾಗಿ ನಾನು ಕೆಂಬೂತದ ಪುಟ್ಟಮ್ಮ ಆಗ್ಬುಟ್ಟೆ. ನವಿಲು ಕುಣಿತು ಅಂತ ಕೆಂಬೂತ ಪುಕ್ಕ ಕೆದರ್ಕೊಂಡಂಗೆ ನಾನೂ ವಿಭೂತಿ ಬಳ್ಕೊಂಡಿದ್ನಲ್ಲ, ಸರಿಯಾಗೇ ಇತ್ತು ಹೆಸ್ರು. ಮುಖ ತೊಳ್ಕಂಡು ಅತ್ತೆ. ಹೆಸ್ರಿಟ್ಟಿದ್ದಕ್ಕಲ್ಲ, ಮತ್ತೆ ಒಬ್ಳೇ ಆದ್ನಲ್ಲ ಅಂತ.

ಮಾರ್ನೆ ದಿನ ಬಾಯಿ ಬಿಗಿ ಹಿಡ್ಕಂಡು ಒಂದೊಂದು ಪಾತಿಗೆ ಒಂದೊಂದೇ ಸಲ ನೀರು ಹಾಕ್ತಿದ್ದೆ. ರೈಟ್ರು ಬಂದ್ರು. ಪಾತಿ ನೋಡಿದ್ರು, ಆಕಡೆ ತಿರುಗಿದ್ರು, ಹೋಗ್ಲಿಲ್ಲ. ಹೋಗಮ್ಮ ಮನೆಗೆ ಅಂತಾರೆ ಅನ್ಕಂಡೆ. ಅವ್ರು ಚಪ್ಪಲಿ ನೋಡ್ಕೊಂಡು, "ಅಲ್ಲ ಪುಟ್ಟಮ್ಮ, ಆ ಹಲಸಿನಣ್ಣಿನ ಹುಡ್ಗಿ ಕಾಡಿಗೆ ಹೋದ್ಲಲ್ಲ, ಆಮೇಲೇನಾಯ್ತು?" ಅಂದ್ರು. "ನಂಗೇನು ಗೊತ್ತು ರೈಟ್ರೇ, ಯಾರಾದ್ರೂ ಹೂಂ ಅಂದ್ರೆ ತಾನೇ ಬರೋದು," ಅಂದೆ. ಅವ್ರು ಆಕಡೆ ಈಕಡೆ ನೋಡಿದ್ರು, ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕಂಡು, ಹಾಗಲಕಾಯಿ ಮುಖದಲ್ಲೇ, "ಹೂಂ," ಅಂದ್ರು.

ಕತೆ ಬಂತು. ಅದೇ ಮೈ ಜುಂ ಅನ್ನೋದೂ ಬಂತು, ಒಂದು ಎಳೆನೂ ಕಮ್ಮಿ ಇರ್ಲಿಲ್ಲ. ದೇವ್ರು ಯಾರ ಬಾಯಲ್ಲಿ ಹೂಂ ಅಂತಾನೆ ಅಂತ ಹುಡುಕ್ಕೊಂಡು ಹೋಗ್ಬಾರ್ದು ಕಣ್ರೋ, ಹಾರೋಯ್ತದೆ. ನಿಮ್ಮ ಹತ್ರ ಯಾರಾದ್ರೂ ಮಾತಾಡಿದ್ರೆ ಟಿವಿ ನೋಡ್ತಾ ಕೂರ್ಬ್ಯಾಡಿ, ಒಂದು ಹೂಂ ಅನ್ನಿ. ಅವ್ರ ಉಸಿರು ಅದ್ರಲ್ಲೇ ಇದ್ರೂ ಇರ್ಬೋದು.