ನಾಲಿಗೆಯ ಕೆಳಗೆ ಒಂದು ನಿಮಿಷ

ತಡಿ, ತಡಿ ಗ್ಲೆನಿಸ್! ಈಗಲೇ ಬಿಚ್ಚಬೇಡ. ಮೊದಲು ಎಲ್ಲಾ ಕೇಳಿಸ್ಕೋ, ಆಮೇಲೆ ಬಿಚ್ಚು. ಡಾಕ್ಟರು ಫೋನಲ್ಲಿ ಹತ್ತು ನಿಮಿಷ ಮಾತಾಡಿದ್ರು, ಪೋಸ್ಟಲ್ಲಿ ಔಷಧಿ ಬಂತು, ಈಗ ಹೇಗೆ ತಗೊಳ್ಳೋದು ನೋಲಾ ಅಂತ ನನ್ನ ಹತ್ರ ಓಡಿ ಬಂದಿದ್ದೀಯ. ಒಳ್ಳೇದೇ ಆಯ್ತು. ನಿನ್ನಣ್ಣ ಕೆಲ್ವಿನ್‌ನ ಕೊನೇ ಒಂಬತ್ತು ತಿಂಗಳು ಹೆಂಡತಿಯಾಗಿ ನೋಡಿದವಳು ನಾನೇ ತಾನೆ?

ಯಾಕೆ ನಗ್ತೀಯ? ಚರ್ಚಲ್ಲಿ ಕೇಕ್ ಮಾರೋ ಮುದುಕಿ ಗಾಂಜಾ ಪಾಠ ಹೇಳ್ತಾಳೆ ಅಂತಾನಾ? ನಗು, ನಗು. ನಗೋಕಾದ್ರೂ ನಿನ್ನ ಬೆನ್ನುನೋವು ಬಿಡ್ತಲ್ಲ.

ಇರು, ಕೆಲ್ವಿನ್ ಔಷಧಿ ಡಬ್ಬ ಇಳಿಸ್ತೀನಿ. ಫ್ರಿಜ್ ಮೇಲಿದೆ... ಏಳಬೇಡ, ನಾನೇ ತಗೋತೀನಿ. ಈ ಎಡಗೈ ಡಯಾಲಿಸಿಸ್ ಸೂಜಿ ಚುಚ್ಚೋ ಕೈ, ಮರಗಟ್ಟಿರುತ್ತೆ ಅಷ್ಟೇ. ಹಿಡಿಯೋಕೆ ಬರುತ್ತೆ, ಹಿಡಿದದ್ದು ಗೊತ್ತಾಗಲ್ಲ.

ಇದು ನೋಡು, ಆವಿ ಎಳ್ಕೊಳ್ಳೋ ಯಂತ್ರ. ಒಣಗಿದ ಹೂವನ್ನ ಪುಡಿ ಮಾಡಿ ಇಲ್ಲಿ ಹಾಕೋದು, ಬಿಸಿಯಾದ್ಮೇಲೆ ಎಳೆಯೋದು. ಸುಡಬಾರದು, ಹೊಗೆ ಬರಬಾರದು. ಐದು ನಿಮಿಷಕ್ಕೆ ನೋವು ಇಳಿಯುತ್ತಂತೆ. ಆದ್ರೆ ನಿನಗೆ ಮೊದಲೇ ಆಸ್ತಮಾ... ಇದು ಬೇಡ. ಆಮೇಲೆ ಗುಳಿಗೆ, ಜೆಲ್ಲಿ ಮಿಠಾಯಿ. ಅವು ಹೊಟ್ಟೆಗಿಳಿದು ಕೆಲಸ ಶುರು ಮಾಡೋಕೆ ಎರಡು ಗಂಟೆ ಬೇಕು. ಕ್ಲಬ್ಬಿಗೆ ಬರೋ ಆ ಮುದುಕ ಬ್ಯಾರಿ ಮಾಡಿದ್ದು ಗೊತ್ತಲ್ಲ? ಅರ್ಧ ಗಂಟೆ ಕಾದ, ಏನೂ ಆಗ್ಲಿಲ್ಲ ಅಂತ ಇನ್ನೊಂದು ತಿಂದ, ಆಮೇಲೆ ಸಾಯಂಕಾಲದ ತನಕ ಅಡುಗೆಮನೆ ಫ್ರಿಜ್ ಮುಂದೆ ಕೂತು ಅದರ ಹತ್ರ ಕ್ಷಮೆ ಕೇಳ್ತಿದ್ದ. ಅದೂ ಬೇಡ.

ಏನು ಹಾಗೆ ನೋಡ್ತೀಯ? ಎಲ್ಲಾದಕ್ಕೂ ಬೇಡ ಅಂತಿದ್ದೀನಾ? ಬೇಡ ಅಂತಿಲ್ಲ ಕಣೇ, ನಿಧಾನ ಅಂತಿದ್ದೀನಿ. ಟೀ ಕುಡಿ, ಆರುತ್ತೆ.

ನಿನಗೆ ಕಳಿಸಿರೋದು ಗಾಂಜಾ ಎಣ್ಣೆ. ಚೀಟಿಯಲ್ಲಿ ಬರೆದಷ್ಟೇ ಅಳೆದು ನಾಲಿಗೆ ಕೆಳಗೆ ಬಿಟ್ಕೋಬೇಕು. ಒಂದು ನಿಮಿಷ ನುಂಗಬಾರದು, ಮಾತಾಡಬಾರದು. ಕೆಲ್ವಿನ್‌ಗೆ ಅದೇ ದೊಡ್ಡ ಶಿಕ್ಷೆ! ಬಾಯಲ್ಲಿ ಎಣ್ಣೆ ಇಟ್ಕೊಂಡು ಫುಟ್ಬಾಲ್ ನೋಡ್ತಾ, ಬೈಯೋಕೂ ಆಗದೆ ಮೇಜು ಗುದ್ದೋನು. ಅವನ ಮಣ್ಣಿನ ದಿನ ಹೇಳಿದ್ದೆನಲ್ಲ, ಎಲ್ಲಾರೂ ನಕ್ಕಿದ್ರು. ನೀನೂ ನಕ್ಕಿದ್ದೆ. ಸದ್ಯ, ಅಣ್ಣ ನೋವಿಲ್ಲದೆ ಹೋದ ಅಂದಿದ್ದೆ.

ಇನ್ನೊಂದು ವಿಷಯ. ಇದನ್ನ ತಗೊಂಡ್ರೆ ಕಾರು ಓಡಿಸೋ ಹಾಗಿಲ್ಲ. ಡಾಕ್ಟರ ಚೀಟಿ ತೋರಿಸಿದ್ರೂ ಪೊಲೀಸರು ಕೇಳಲ್ಲ. ರಸ್ತೇಲಿ ನಿಲ್ಲಿಸಿ, ಗಾಂಜಾ ಇದೆಯಾ ಅಂತ ನೋಡೋಕೆ ನಾಲಿಗೆ ಮೇಲೆ ಕಡ್ಡಿ ಎಳೀತಾರೆ, ಸಿಕ್ಕಿಬಿದ್ರೆ ಲೈಸೆನ್ಸ್ ಹೋಯ್ತು. ಬಾಯಲ್ಲಿ ಎಷ್ಟು ದಿನ ಉಳಿಯುತ್ತೆ ಅಂತ ಯಾರೂ ಸರಿಯಾಗಿ ಹೇಳಲ್ಲ. ನಮಗೋ ಸೋಮವಾರ, ಬುಧವಾರ, ಶುಕ್ರವಾರ ನನ್ನ ಡಯಾಲಿಸಿಸ್‌ಗೆ ಗ್ರಿಫಿತ್ ಊರಿನ ಆಸ್ಪತ್ರೆ ಇದೆ... ಹೋಗೋಕೆ ನೂರು ಕಿಲೋಮೀಟರು, ಬರೋಕೆ ನೂರು... ಅದಕ್ಕೇ ಒಂದು ಕೆಲಸ ಮಾಡು. ಶುಕ್ರವಾರ ನನ್ನನ್ನ ವಾಪಸ್ ಬಿಟ್ಮೇಲೆ ತಗೋ. ವಾರಕ್ಕೊಂದ್ಸಲ. ಶುರುಗೆ ಸಾಕು. ಸಾಕಾಗುತ್ತೆ ಗ್ಲೆನಿಸ್.

ಏನದು? ಅದನ್ನ ಡಬ್ಬದಿಂದ ಯಾಕೆ ತೆಗೀತೀಯ? ಅದು ಅವನ ಬಾಟ್ಲಿ, ಹಳೇದು, ಇಲ್ಲಿ ಕೊಡು... ಕೊಡು ಅಂದೆ. ಕನ್ನಡಕ ಯಾಕೆ ಹಾಕ್ಕೊಂಡೆ?

...

ಹೌದು. ಸೀಲ್ ಒಡೆದಿಲ್ಲ. ಇದು ಎರಡನೇ ಬಾಟ್ಲಿ ಅಂತ ಹೇಳಬಹುದಿತ್ತು, ಮೇಲಿನ ತಾರೀಖು ಓದಿಬಿಟ್ಟೆಯಲ್ಲ, ಕಾಯಿಲೆ ಶುರುವಾದಾಗಿನದು. ಏನಾದ್ರೂ ಕೇಳು. ಬೈ, ಬೇಕಾದ್ರೆ.

ಒಂದು ತೊಟ್ಟೂ ತಗೊಳ್ಳಲಿಲ್ಲ ಅವನು. ಮೂಳೆಗೆ ಇಳಿದಿದ್ದ ಕ್ಯಾನ್ಸರ್, ಒಂದು ತೊಟ್ಟೂ ಇಲ್ಲ. ನಾನು ಬೇಡ ಅನ್ನಲಿಲ್ಲ. ತಗೋ ಅಂತಲೂ ಅನ್ನಲಿಲ್ಲ. ಬಾಟ್ಲಿ ಬಂದ ದಿನ ಇದೇ ಮೇಜಿನ ಮೇಲಿಟ್ಕೊಂಡು, "ಇದನ್ನ ತಗೊಂಡ್ರೆ ನಿನ್ನನ್ನ ಯಾರು ಕರ್ಕೊಂಡು ಹೋಗ್ತಾರೆ?" ಅಂದ. ನಾನು ಟೀಯಲ್ಲಿ ಚಮಚ ತಿರುಗಿಸ್ತಿದ್ದೆ. ತಿರುಗಿಸ್ತಾನೇ ಇದ್ದೆ, ಈಗ ತಿರುಗಿಸ್ತಿದ್ದೀನಲ್ಲ, ಹೀಗೇ. ಅವನೇ ಎದ್ದು ಫ್ರಿಜ್ ಮೇಲಿಟ್ಟ. ಫುಟ್ಬಾಲ್, ಮೇಜು ಗುದ್ದಿದ್ದು... ಎಲ್ಲಾ ನಾನೇ ಕಟ್ಟಿದ್ದು.

ಆಸ್ಪತ್ರೆ ದಾರಿಯಲ್ಲಿ ಟೈರು ನೋಡಿ ಬರ್ತೀನಿ ಅಂತ ಇಳಿಯೋನು. ಹೋಗ್ತಾ ಎರಡು ಸಲ, ಬರ್ತಾ ಎರಡು ಸಲ. ಟೈರಿಗೇನಾಗಿತ್ತು, ಹೊಸಾದು. ಬಾನೆಟ್ ಹಿಡ್ಕೊಂಡು ಬಗ್ಗಿ ನಿಂತಿರೋನು. ನಾನು ಒಳಗೆ ಕೂತು ರೇಡಿಯೋ ಜೋರು ಮಾಡೋಳು. ನೀನೂ ಗೇರ್ ಹಾಕುವಾಗ ತುಟಿ ಕಚ್ತೀಯ. ನೋಡಿದ್ದೀನಿ. ನಿನ್ನ ಕಾರಲ್ಲೂ ರೇಡಿಯೋ ಹಾಕೋಳು ನಾನೇ ಅಲ್ವಾ.

ಅಳು ಬರಲ್ಲ ಕಣೇ. ಬಂದಿದ್ರೆ ಚೆನ್ನಾಗಿತ್ತು. ಈ ಕೈ ಇದ್ದ ಹಾಗೇ ಇದ್ದೀನಿ.

ಕಾರಿನ ಕೀ ಯಾಕೆ ಮೇಜಿನ ಮೇಲಿಟ್ಟೆ?... ಇಡು. ಸರಿ. ಆಸ್ಪತ್ರೆ ಹಿಂದುಗಡೆ ದೂರದ ರೋಗಿಗಳಿಗೆ ಅಂತಾನೇ ಕೋಣೆಗಳಿವೆ. ಈ ಮನೆ ಬಿಟ್ಟು ನಾನು ಅಲ್ಲಿಗೇ ಹೋಗಿ ಇರಬಹುದು. ಕೆಲ್ವಿನ್ ಇದ್ದಾಗಲೂ ಇದ್ದವು.

ನಿನ್ನ ಬಾಟ್ಲಿ ತಗೋ. ಇವತ್ತು ಮಂಗಳವಾರ ಆದ್ರೆ ಆಗ್ಲಿ. ನಾಳೆ ಹೋಗೋದನ್ನ ನಾನು ನೋಡ್ಕೋತೀನಿ, ಈಗಲೇ ಫೋನ್ ಮಾಡ್ತೀನಿ ಆಸ್ಪತ್ರೆಯವರಿಗೆ. ನನ್ನ ಕೈಲಿ ತೆಗೆಯೋಕಾಗಲ್ಲ, ನೀನೇ ಒತ್ತಿ ತಿರುಗಿಸು. ಇನ್ನೂ ಒತ್ತು... ಹಾಂ. ಟಕ್ ಅಂತು, ಕೇಳಿಸ್ತಾ? ಈ ಮನೆಯಲ್ಲಿ ಆ ಸದ್ದು ಇವತ್ತೇ ಮೊದಲು.

ಚೀಟಿ ನೋಡಿ ಅಳೆ. ಅಷ್ಟೇ, ಹೆಚ್ಚಿಲ್ಲ. ನಾಲಿಗೆ ಎತ್ತು... ಬಾಯಿ ಮುಚ್ಚು. ಈಗ ಒಂದು ನಿಮಿಷ ಮಾತಾಡಬೇಡ ಗ್ಲೆನಿಸ್. ಆಮೇಲೆ ಏನು ಅನ್ನಬೇಕೋ ಎಲ್ಲಾ ಅನ್ನು.

ಚಮಚ ಕೆಳಗಿಟ್ಟಿದ್ದೀನಿ, ನೋಡು.