ಹೆಸರು ಹಿಡಿದು ಕರೆಯುವ ಮೊಬೈಲು

ಹುಸೇನಬೀ ತನ್ನ ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಗೋಡೆಯಾಚೆ ಪಕ್ಕದ ಮನೆಯಲ್ಲಿ, ಮೂರು ತಿಂಗಳ ಹಿಂದೆ ತೀರಿಹೋದ ಪ್ರಭುರಾಜನ ಮೊಬೈಲು ಅವನನ್ನು ಹೆಸರು ಹಿಡಿದು ಕರೆಯಿತು: "ಪ್ರಭುರಾಜ, ಇವತ್ತಿನ ಪ್ರಶ್ನೆಗಳು ಬಂದಿವೆ." ಅವಳ ಕೈ ನಿಂತಿತು.

"ಮತ್ತ ಅದನ್ನ ಹಚ್ಚಿದೇನ?" ಪ್ರಭುರಾಜನ ಹೆಂಡತಿ ವಾಣಿಶ್ರೀ ಮಗಳನ್ನು ಕೇಳಿದಳು.

"ನಾ ಹಚ್ಚಿಲ್ಲವ್ವ. ಅಪ್ಪ ಕಂಪ್ಯೂಟರ್ ನೆಟ್‌ವರ್ಕಿಂಗ್ ಪರೀಕ್ಷಾಕ್ಕ ಹಾಕ್ಕೊಂಡಿದ್ದ ಆ್ಯಪಿನ್ಯಾಗ ದಿನಾ ಹತ್ತು ಪುಕ್ಕಟೆ ಪ್ರಶ್ನಿ ಬರ್ತಾವಲ್ಲ, ಅದಽ ಕರಿತೈತಿ."

"ಪರೀಕ್ಷಾ ಬರಿಯವ್ರಽ ಇಲ್ಲ. ತಗದು ಹಾಕು."

"ಉತ್ತರ ನಾ ಒತ್ತತೀನಿ. ಒತ್ತೂದು ಬಿಟ್ರ ಅದು ಕರಿಯೂದು ನಿಂದರ್ತೈತಿ."

"ಆರನೇ ಕ್ಲಾಸಿನಾಕಿಗೆ ನಿನಗ ಅದೇನ ತಿಳಿತೈತಿ?"

"ನಿನ್ನೆ ಹತ್ತರಾಗ ಮೂರು ಸರಿ ಬಂದಾವ."

ವಾಣಿಶ್ರೀ ಮೊಬೈಲು ಕೊಡೆಂದು ಕೇಳಿದಳು. ಹುಸೇನಬೀ ಕೈಯಲ್ಲಿದ್ದ ಪಾತ್ರೆಯನ್ನು ಸಪ್ಪಳಾಗದಂತೆ ಕೆಳಗಿಟ್ಟಳು.

"ಅವ್ವಾ, ಗಂಡನ ಹೆಸರು ನೀ ಹೇಳಂಗಿಲ್ಲ. ನಾನೂ ಅಪ್ಪಾ ಅಂತಿದ್ದೆ. ಇದೂ ನಿಂತ್ರ, ನಮ್ಮನ್ಯಾಗ ಅಪ್ಪನ್ನ ಹೆಸರು ಹಿಡದು ಯಾರು ಕರೀತಾರ?"