ಬಾಗಿಲ ಹಿಂದಿನ ಊರುಗೋಲು

ನಗಬೇಡಿ. ನಕ್ಕರೆ ಹೇಳಲ್ಲ. ಇದು ಎಲ್ಲೋ ಯಾರಿಗೋ ಆಗಿದ್ದಲ್ಲ, ನನ್ನ ಸ್ವಂತ ದೊಡ್ಡಮ್ಮನ ಮನೆಯಲ್ಲಿ ಆಗಿದ್ದು. ನಾನು ಪಂಕ್ಚರ್ ಅಂಗಡಿಯವನು ನಿಜ. ಆದರೆ ಗಾಳಿ ತುಂಬೋದು ಟ್ಯೂಬಿಗೆ ಮಾತ್ರ... ಮಾತಿಗಲ್ಲ.

ಅವತ್ತು ಅಕ್ಕ, ಅಂದರೆ ದೊಡ್ಡಮ್ಮನ ಮಗಳು, ರಾತ್ರಿ ತಡವಾಗಿ ಒಬ್ಬಳೇ ಬರುತ್ತಿದ್ದಳು. ಹೆಗಲ ಮೇಲೆ ಒಂದು ಜೊತೆ ಊರುಗೋಲು. ಕಂಕುಳಿಗೆ ಕೊಟ್ಟು ನಡೆಯುತ್ತಾರಲ್ಲ, ಆ ಥರದ್ದು. ಉದ್ದಣ್ಣನ ಮನೆಯಿಂದ ತಂದಿದ್ದಳು. ಉದ್ದಣ್ಣ ಬಸ್ ಕಂಡಕ್ಟರ್ ಆಗಿದ್ದವನು. ಬಸ್ಸಿನೊಳಗೆ ತಲೆ ಬಗ್ಗಿಸಿಕೊಂಡೇ ಟಿಕೆಟ್ ಹರಿಯಬೇಕಿತ್ತು, ಅಷ್ಟು ಎತ್ತರದ ಆಳು. ಕೊನೆಗಾಲದಲ್ಲಿ ಬಸ್ಸಿನ ಮೆಟ್ಟಿಲಿಂದ ಬಿದ್ದು ಈ ಕೋಲಿನ ಮೇಲೆ ಓಡಾಡುತ್ತಿದ್ದ. ಹೋದ ವರ್ಷ ತೀರಿಕೊಂಡ. ಅವನ ಹೆಂಡತಿ ಕೋಲು ಕೊಡುವಾಗ ಹೇಳಿದರಂತೆ, “ತಗೊಂಡ್ಹೋಗಮ್ಮ. ಇಲ್ಲಿ ಸುಮ್ನೆ ನಿಂತಿವೆ. ಅವರಿಗೆ ಸುಮ್ನೆ ನಿಂತಿರೋದು ಕಂಡ್ರೆ ಆಗ್ತಿರ್ಲಿಲ್ಲ.”

ಹಳೇ ಬಾವಿಯ ಹತ್ತಿರ ಬಂದಳು. ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ ಬಾವಿ. ಹಿಂದೆ ಸದ್ದು. ಟಕ್... ಸರ್ರ್... ಟಕ್... ಸರ್ರ್... ಕೋಲು ಊರಿ ಕಾಲು ಎಳೆಯುವ ಸದ್ದು. ನಿಂತಳು. ಅದೂ ನಿಂತಿತು. ಹೆಗಲು ಮುಟ್ಟಿ ನೋಡಿಕೊಂಡಳು... ಎರಡೂ ಕೋಲು ಅಲ್ಲೇ ಇದ್ದವು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಒಂದೇ ಉಸಿರಿಗೆ ಮನೆ ಸೇರಿ ಚಿಲಕ ಹಾಕಿಕೊಂಡಳಂತೆ.

ಕೋಲು ಬೇಕಾಗಿದ್ದು ದೊಡ್ಡಮ್ಮನಿಗೆ. ನಸುಕಿನಲ್ಲೇ ಮೋಟಾರ್ ಸೈಕಲ್ಲಿಗೆ ಬ್ರೆಡ್ಡಿನ ಟ್ರೇ ಕಟ್ಟಿಕೊಂಡು ಅಂಗಡಿ ಅಂಗಡಿಗೆ ಹಾಕಿ ಬರುವ ಹೆಂಗಸು ಅವಳು. ಬಾಯಿ ಜೋರು, ಬ್ರೇಕು ಕಡಿಮೆ. ಒಂದು ಬೆಳಗ್ಗೆ ತಿರುವಿನಲ್ಲಿ ನಾಯಿ ಅಡ್ಡ ಬಂತು. ನಾಯಿ ಉಳಿಯಿತು. ದೊಡ್ಡಮ್ಮ ಎಡಮಗ್ಗುಲಿಗೆ ಬಿದ್ದಳು. ಎಡಗಾಲೂ ಮುರಿಯಿತು, ಎಡಭುಜದ ಮೂಳೆಯೂ ಮುರಿಯಿತು. ಬೈಕು ನನ್ನ ಅಂಗಡಿಯ ಮೂಲೆ ಸೇರಿತು, ಅವಳು ಮಂಚ ಸೇರಿದಳು.

ಕಾಲಿನ ಮೂಳೆ ಕೂಡಿತು. ಡಾಕ್ಟರ್ ಪ್ಲಾಸ್ಟರ್ ಬಿಚ್ಚಿ, “ಇನ್ಮೇಲೆ ಕಾಲು ಊರಿ ನಡೀಬೇಕು. ಹೀಗೇ ಮಲಗಿದ್ರೆ ಮಂಡಿ ಹಿಡ್ಕೊಂಡುಬಿಡತ್ತೆ, ಆಮೇಲೆ ಬಿಡಿಸಕ್ಕಾಗಲ್ಲ,” ಅಂದರು. ದೊಡ್ಡಮ್ಮ ಊರಲಿಲ್ಲ. ನೆಲ ಕಂಡರೆ ಬೆವರುತ್ತಿದ್ದಳು. ಊರೆಲ್ಲ ಸುತ್ತುತ್ತಿದ್ದವಳು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಅಕ್ಕ ನನ್ನ ಅಂಗಡಿಗೆ ಬಂದು, ಟೈರಿನ ಮೇಲೆ ಕೂತು ಅತ್ತಳು. “ಅಮ್ಮ ಹಿಂಗೇ ಉಳಿದುಬಿಟ್ರೆ ಏನೋ ಮಾಡ್ಲಿ?” ಉದ್ದಣ್ಣನ ಕೋಲು ಕೇಳಿ ತಾ ಅಂತ ಕಳಿಸಿದ್ದು ನಾನೇ.

ಅಕ್ಕ ಕೋಲು ತಂದ ಮರುದಿನ ಅವುಗಳ ತುದಿಗೆ ಹೊಸ ರಬ್ಬರ್ ಬುಷ್ ಹಾಕಿದೆ. ಎರಡಕ್ಕೂ ಒಂದೇ ಡಬ್ಬಿಯಿಂದ ತೆಗೆದಿದ್ದು, ನೆನಪಿಟ್ಟುಕೊಳ್ಳಿ. ಗುಂಡಿ ಒತ್ತಿ, ಕೆಳಗಿನ ಕೊಳವೆ ಒಳಕ್ಕೆ ತಳ್ಳಿ, ಉದ್ದಣ್ಣನ ಎತ್ತರಕ್ಕಿದ್ದ ಎರಡನ್ನೂ ದೊಡ್ಡಮ್ಮನ ಎತ್ತರಕ್ಕೆ ಇಳಿಸಿದೆ. ಎಡಭುಜ ಇನ್ನೂ ನೋಯುತ್ತಿದ್ದರಿಂದ ಅವಳು ಹಿಡಿಯಬಹುದಾಗಿದ್ದು ಬಲಗಡೆ ಒಂದೇ ಕೋಲು. ಅದಕ್ಕೆ ಕೆಂಪು ಟೇಪ್ ಸುತ್ತಿ ಮಂಚದ ಪಕ್ಕ ಇಟ್ಟೆ. ಇನ್ನೊಂದನ್ನು ಹಜಾರದ ಬಾಗಿಲ ಹಿಂದೆ ನಿಲ್ಲಿಸಿದೆ.

ಬೆಳಗ್ಗೆ ಅಕ್ಕನ ಫೋನು. “ಹುಡುಗಾಟ ಆಡ್ತೀಯೇನೋ? ಬಾಗಿಲ ಹಿಂದಿನ ಕೋಲು ಯಾಕೋ ಉದ್ದ ಮಾಡಿದ್ದೀಯ?”

ನಾನೇಕೆ ಮಾಡಲಿ! ಅವಳು ಮತ್ತೆ ಇಳಿಸಿಟ್ಟಳು. ಬೆಳಗಾದರೆ ಮತ್ತೆ ಉದ್ದ.

ಆಮೇಲೊಂದು ರಾತ್ರಿ. ಅಕ್ಕ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದಳು. ಎಚ್ಚರವಾಯಿತು. ಮೊದಲು ಕ್ಲಿಕ್... ಗುಂಡಿ ತೂತಿನಲ್ಲಿ ಕೂರುವ ಸದ್ದು. ಆಮೇಲೆ ಹಜಾರದಲ್ಲಿ ಟಕ್... ಸರ್ರ್... ಟಕ್... ಸರ್ರ್... ಅವಳಿಗೆ ಭಯವಾಗಲಿಲ್ಲ, ಖುಷಿಯಾಯಿತು. ಅಂತೂ ಅಮ್ಮ ಕದ್ದು ನಡೆಯುತ್ತಿದ್ದಾಳೆ ಅಂದುಕೊಂಡಳು. ಕತ್ತಲಲ್ಲೇ ಎದ್ದು ಕೂತು ಮಂಚದ ಮೇಲೆ ಕೈಯಾಡಿಸಿದಳು.

ಕೈಗೆ ಅಮ್ಮನ ಕಾಲು ಸಿಕ್ಕಿತು.

“ಅಮ್ಮಾ...”

“ಶ್... ನಂಗೂ ಕೇಳಿಸ್ತಿದೆ.”

“ಯಾರಮ್ಮಾ ಅದು?”

“ಸುಮ್ನಿರೇ... ಹತ್ರ ಬರ್ತಿದೆ.”

ಹತ್ತಿರ ಬಂತು. ಕೋಣೆಯ ಹೊಸ್ತಿಲ ಆಚೆ ನಿಂತಿತು. ರಬ್ಬರ್ ನೆಲಕ್ಕೆ ಉಜ್ಜಿ ಕೀಚ್ ಅಂದಿತು. ಆಮೇಲೆ ಬಾಗಿಲಿಗೆ ಎರಡು ಏಟು. ಟಪ್ ಟಪ್.

ಆ ಏಟು ನಮ್ಮ ಬೀದಿಯವರಿಗೆಲ್ಲ ಗೊತ್ತು. ಬೇರೆ ಕಂಡಕ್ಟರುಗಳ ಹಾಗೆ ಉದ್ದಣ್ಣ ‘ರೈಟ್ ರೈಟ್’ ಅಂತ ಕೂಗಿದವನಲ್ಲ, ಬಸ್ಸಿನ ಮೈಗೆ ಅಂಗೈಯಲ್ಲಿ ಬಡಿಯುತ್ತಿದ್ದ. ಎರಡು ಬಡಿದರೆ ಹೊರಡು. ಒಂದು ಬಡಿದರೆ ನಿಲ್ಲು.

ಟಪ್ ಟಪ್... ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಜೋರಾಗಿ... ಟಪ್ ಟಪ್. ಡ್ರೈವರ್ ತೂಕಡಿಸಿದರೆ ಬಡಿಯುವ ಹಾಗೆ.

“ಬಂದೆ ಮಾರಾಯ, ಬಂದೆ! ಬಾಗಿಲು ಮುರೀಬೇಡ,” ಅಂದಳು ದೊಡ್ಡಮ್ಮ. ದನಿ ನಡುಗುತ್ತಿತ್ತು. ಆದರೂ ಅದು ಬ್ರೆಡ್ ಅಂಗಡಿಯವರ ಹತ್ತಿರ ಜಗಳ ತೆಗೆಯುವಾಗಿನ ದನಿಯೇ. ಅಪಘಾತ ಆದಮೇಲೆ ಅಕ್ಕ ಆ ದನಿ ಕೇಳೇ ಇರಲಿಲ್ಲ.

ದೊಡ್ಡಮ್ಮ ಕೆಂಪು ಟೇಪಿನ ಕೋಲು ಕಂಕುಳಿಗೆ ಕೊಟ್ಟು ಎದ್ದಳು. ಎಡಗಾಲು ನೆಲ ಮುಟ್ಟಿತು. “ಅಯ್ಯಮ್ಮಾ...” ಅಂದಳು, ಆದರೆ ಊರಿದಳು. ಅವಳು ಒಂದು ಹೆಜ್ಜೆ ಮುಂದಿಟ್ಟರೆ ಆಚೆ ಅದು ಒಂದು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಹಾಗೇ ಹಜಾರದ ಕಿಟಕಿಯವರೆಗೆ ಹೋದಳು. ಮಂಡಿ ಗಡಗಡ ನಡುಗಿತು. ಆಗ... ಟಪ್. ಒಂದೇ ಏಟು. ಅಲ್ಲೇ ಕುರ್ಚಿಗೆ ಕುಸಿದಳು. ಅಕ್ಕ ದೀಪ ಹಾಕಿದಳು. ಯಾರೂ ಇಲ್ಲ. ಕೋಲು ಬಾಗಿಲ ಹಿಂದೆ ನಿಂತಿತ್ತು, ಉದ್ದವಾಗಿ.

“ನಾಳೇನೇ ವಾಪಸ್ ಕೊಟ್ಬಿಡೋಣಮ್ಮ,” ಅಂತ ಅಕ್ಕ ಅಳುತ್ತಾ ಬೇಡಿಕೊಂಡಳು.

“ನನ್ನ ಕಾಲು ಸರಿಹೋಗೋವರೆಗೂ ಅದನ್ನ ಮುಟ್ಟಿದ್ರೆ ನೋಡು,” ಅಂದಳು ದೊಡ್ಡಮ್ಮ.

ನಾನು ನಂಬಲಿಲ್ಲ. ನೋಡೇಬಿಡೋಣ ಅಂತ ಒಂದು ರಾತ್ರಿ ಹಜಾರದ ನಡುವೆಯೇ ಹಾಸಿಕೊಂಡೆ. ತಲೆ ದಿಂಬಿಗೆ ಬಿದ್ದದ್ದಷ್ಟೇ ಗೊತ್ತು. ಬೆಳಗ್ಗೆ ಎದ್ದರೆ ನಾನು, ನನ್ನ ಹಾಸಿಗೆ, ಎರಡೂ ಗೋಡೆಯ ಪಕ್ಕ. ದಾರಿ ಖಾಲಿ. “ನನ್ನ ಯಾರು ಎಳೆದಿದ್ದು?” ಅಂದೆ. “ನಾವಂತೂ ಅಲ್ಲಪ್ಪ,” ಅಂದಳು ಅಕ್ಕ.

ಹೀಗೆ ರಾತ್ರಿ ರಾತ್ರಿ ನಡೆದೇ ದೊಡ್ಡಮ್ಮನ ಮಂಡಿ ಬಿಟ್ಟಿತು. ಒಂದು ದಿನ ಕೋಲಿಲ್ಲದೆ ನನ್ನ ಅಂಗಡಿಗೆ ನಡೆದು ಬಂದು, “ಎಲ್ಲೋ ನನ್ನ ಗಾಡಿ?” ಅಂತ ಗದರಿದಳು. ಸ್ಪ್ಯಾನರ್ ಕೆಳಗಿಟ್ಟು ಅತ್ತುಬಿಟ್ಟೆ. ಅದರಲ್ಲಿ ನಾಚಿಕೆ ಏನು?

ಕೋಲು ವಾಪಸ್ ಕೊಡುವ ಮುಂಚೆ ಒರೆಸೋಣ ಅಂತ ಅಂಗಡಿಗೆ ತಂದೆ. ತಲೆಕೆಳಗು ಮಾಡಿ ನೋಡಿದೆ. ಕೆಂಪು ಟೇಪಿನದರ ಬುಷ್ ಸ್ವಲ್ಪ ಸವೆದಿತ್ತು. ದೊಡ್ಡಮ್ಮ ನಡೆದಿದ್ದಾಳೆ, ಸರಿ. ಇನ್ನೊಂದು... ಬಾಗಿಲ ಹಿಂದಿನದು... ರಬ್ಬರ್ ಪೂರ್ತಿ ಸವೆದು ಒಳಗಿನ ಅಲ್ಯೂಮಿನಿಯಂ ಕಾಣುತ್ತಿತ್ತು.

ಹೊಸ ಬುಷ್ ಹಾಕಿಯೇ ಉದ್ದಣ್ಣನ ಮನೆಗೆ ಕೊಟ್ಟು ಬಂದೆ. ಸವೆದಿದ್ದು ಈಗಲೂ ನನ್ನ ಡ್ರಾಯರಿನಲ್ಲಿದೆ, ನಂಬದಿದ್ದರೆ ಬೆಳಗ್ಗೆ ಬಂದು ನೋಡಿ. ದಿನವಿಡೀ ಟೈರು ನೋಡುವವನು ನಾನು. ನಿಂತ ಗಾಡಿಯ ರಬ್ಬರ್ ಬಿರುಕು ಬಿಡುತ್ತೆ... ಸವೆಯಲ್ಲ.